ಪರಮಾಣು ಗಡಿಯಾರದ ಹವ್ಯಾಸಿಗಳು ಮತ್ತು ನಮ್ಮ ತರಗತಿಯ ಅಳತೆ

(ಕನ್ನಡ ಮಾಧ್ಯಮ ಶಿಕ್ಷಕರ ಪುನಶ್ಚೇತನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಸೊಲ್ಲಾಪುರ, ಅಕ್ಕಲಕೋಟ ಮತ್ತು ಜತ್ತ ಭಾಗದ ಕನ್ನಡ ಶಾಲೆಗಳಿಂದ ಆಗಮಿಸಿರುವ ಶಿಕ್ಷಕ ಬಂಧುಗಳೇ,

ಇಂದು ನನಗೆ ಒಪ್ಪಿಸಿರುವ ವಿಷಯ ‘ಅಳತೆ ಮತ್ತು ಅಳತೆಯ ದೋಷ’. ನಮ್ಮ ತರಗತಿಗಳಲ್ಲಿ ಈ ಪಾಠ ಬೇಗನೆ ಮುಗಿದುಹೋಗುತ್ತದೆ. ಎರಡು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿ ನಾವು ಮುಂದಿನ ಘಟಕಕ್ಕೆ ಸಾಗುತ್ತೇವೆ. ಆದರೆ ವಿಜ್ಞಾನದ ಕಟ್ಟಡವೆಲ್ಲ ನಿಂತಿರುವುದು ಈ ಅಡಿಪಾಯದ ಮೇಲೆಯೇ. ಅದನ್ನು ಮನದಟ್ಟು ಮಾಡಿಸಲು ಒಂದು ವಿಶಿಷ್ಟ ಸಮುದಾಯವನ್ನು ತಮಗೆ ಪರಿಚಯಿಸಬಯಸುತ್ತೇನೆ. ಇವರು ಪರಮಾಣು ಗಡಿಯಾರಗಳನ್ನು ಮನೆಯಲ್ಲಿಟ್ಟುಕೊಂಡು ಹವ್ಯಾಸಕ್ಕಾಗಿ ಕಾಲವನ್ನು ಅಳೆಯುವವರು. ಅಮೆರಿಕ, ಯುರೋಪ್ ಮೊದಲಾದೆಡೆ ಇಂಥವರಿದ್ದಾರೆ. ನಿವೃತ್ತ ಎಂಜಿನಿಯರುಗಳು, ಹವ್ಯಾಸಿ ರೇಡಿಯೋ ಚಾಲಕರು, ಗಡಿಯಾರ ಪ್ರಿಯರು ಇವರಲ್ಲಿ ಹೆಚ್ಚು. ತಮ್ಮನ್ನು ತಾವೇ ಅವರು ‘ಟೈಮ್ ನಟ್ಸ್’, ಅಂದರೆ ಕಾಲದ ಹುಚ್ಚರು ಎಂದು ಕರೆದುಕೊಳ್ಳುತ್ತಾರೆ. ಈ ಹುಚ್ಚಿನಲ್ಲಿ ಶಿಕ್ಷಕರಾದ ನಾವು ಕಲಿಯಬೇಕಾದ ಒಂದು ಶಿಸ್ತು ಇದೆ.

ಮೊದಲು ಗಡಿಯಾರವೆಂದರೇನು ಎಂಬುದನ್ನು ನೋಡೋಣ. ಯಾವುದೇ ಗಡಿಯಾರದಲ್ಲಿ ಎರಡು ಅಂಗಗಳಿರುತ್ತವೆ. ಒಂದೇ ಲಯದಲ್ಲಿ ಮರಳಿ ಮರಳಿ ನಡೆಯುವ ಒಂದು ಕ್ರಿಯೆ, ಆ ಕ್ರಿಯೆ ಎಷ್ಟು ಸಲ ನಡೆಯಿತೆಂದು ಎಣಿಸುವ ಒಂದು ಏರ್ಪಾಡು. ಒಂದು ಸೆಕೆಂಡಿನಲ್ಲಿ ಆ ಕ್ರಿಯೆ ನಡೆಯುವ ಸಂಖ್ಯೆಯೇ ಆವೃತ್ತಿ. ‘ಆವೃತ್ತಿ’ ಎಂಬ ಪದವನ್ನು ಮಕ್ಕಳು ಪುಸ್ತಕದ ಮುದ್ರಣದ ಅರ್ಥದಲ್ಲಿಯೂ ಕೇಳಿರುತ್ತಾರೆ. ಶಾಲೆಯ ಹೊರಗೆ ಮರಾಠಿಯ ‘ವಾರಂವಾರತಾ’ ಅವರ ಕಿವಿಗೆ ಬಿದ್ದಿರುತ್ತದೆ. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು, ಎರಡರ ಮೂಲದಲ್ಲಿಯೂ ‘ಮತ್ತೆ ಮತ್ತೆ’ ಎಂಬ ಅರ್ಥವೇ ಇದೆಯೆಂದು ತೋರಿಸಿದರೆ ಗೊಂದಲ ನೀಗುತ್ತದೆ.

ಲೋಲಕದ ಗಡಿಯಾರದಲ್ಲಿ ತೂಗಾಟವನ್ನು ಎಣಿಸುತ್ತೇವೆ. ಕೈಗಡಿಯಾರದ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಮಕ್ಕಳಿಂದ ಹದಿನೈದು ಸಲ ಅರ್ಧ ಮಾಡಿಸಿರಿ. ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಗಡಿಯಾರದೊಳಗಿನ ಮಂಡಲ ಮಾಡುವ ಕೆಲಸವೂ ಅದೇ. ಪರಮಾಣು ಗಡಿಯಾರದಲ್ಲಿ ಈ ಕ್ವಾರ್ಟ್ಜ್ ಹರಳನ್ನು ಪರಮಾಣುಗಳು ಕಾವಲು ಕಾಯುತ್ತವೆ. ಸೀಸಿಯಂ ಪರಮಾಣುವು ಒಂದು ನಿರ್ದಿಷ್ಟ ಆವೃತ್ತಿಯ ಸೂಕ್ಷ್ಮ ತರಂಗ ತಾಗಿದಾಗ ಮಾತ್ರ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಹರಳು ಸ್ವಲ್ಪ ದಾರಿ ತಪ್ಪಿದರೆ ಜಿಗಿಯುವ ಪರಮಾಣುಗಳ ಸಂಖ್ಯೆ ಕಡಿಮೆಯಾಗುತ್ತದೆ. ಅದನ್ನು ಗುರುತಿಸಿ ಮಂಡಲವು ಹರಳನ್ನು ದಾರಿಗೆ ತರುತ್ತದೆ. ಆ ಆವೃತ್ತಿ 919 ಕೋಟಿ 26 ಲಕ್ಷ 31 ಸಾವಿರದ 770. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ 1955ರಲ್ಲಿ ಲೂಯಿ ಎಸ್ಸೆನ್ ಮತ್ತು ಜ್ಯಾಕ್ ಪ್ಯಾರಿ ಇಂತಹ ಗಡಿಯಾರವನ್ನು ನಡೆಸಿ ತೋರಿಸಿದರು. 1967ರಿಂದ ಸೆಕೆಂಡಿನ ವ್ಯಾಖ್ಯೆಯೇ ಈ ಸಂಖ್ಯೆಯ ಮೇಲೆ ನಿಂತಿದೆ.

ಇಂತಹ ಉಪಕರಣಗಳು ಹವ್ಯಾಸಿಗಳ ಕೈಗೆ ಬರುವುದು ಹೇಗೆ? ಮೊಬೈಲ್ ದೂರವಾಣಿಯ ಗೋಪುರಗಳಲ್ಲಿ ಸಂಕೇತಗಳ ಕಾಲವನ್ನು ಹೊಂದಿಸಲು ಅಂಗೈಯಗಲದ ರುಬಿಡಿಯಂ ಆವೃತ್ತಿಮಾನಕಗಳನ್ನು ಬಳಸುತ್ತಿದ್ದರು. ಹೊಸ ಜಾಲ ಬಂದಾಗ ಹಳೆಯವನ್ನು ಕಳಚಿ ಗುಜರಿಗೆ ಹಾಕಿದರು. ಅವುಗಳನ್ನು ಹವ್ಯಾಸಿಗಳು ಕೊಂಡು, ದುರಸ್ತಿ ಮಾಡಿ, ಮತ್ತೆ ಬೆಳಗಿಸುತ್ತಾರೆ. ಪ್ರಯೋಗಾಲಯಗಳು ಹೊರಹಾಕಿದ ಸೀಸಿಯಂ ಗಡಿಯಾರಗಳೂ ಸಿಗುತ್ತವೆ. ಅವುಗಳ ಸೀಸಿಯಂ ನಳಿಗೆ ಕೆಲವು ವರ್ಷಗಳಲ್ಲಿ ಬರಿದಾಗುತ್ತದೆ, ಹೊಸದಕ್ಕೆ ಬೆಲೆ ಬಹಳ. ಆದ್ದರಿಂದ ಉಳಿದಿರುವ ಸೀಸಿಯಂ ಅನ್ನು ಅವರು ದೀಪದ ಎಣ್ಣೆಯಂತೆ ಜೋಪಾನ ಮಾಡುತ್ತಾರೆ.

ಕೆಲವರಿಗೆ ಇದರ ಉಪಯೋಗವೂ ಇದೆ. ಸೆಕೆಂಡಿಗೆ 1,000 ಕೋಟಿ ಕಂಪನಗಳ ಅಲೆಯಲ್ಲಿ ಸಂಭಾಷಿಸುವ ರೇಡಿಯೋ ಹವ್ಯಾಸಿಗೆ ಹತ್ತು ಲಕ್ಷದಲ್ಲಿ ಒಂದು ಪಾಲಿನ ತಪ್ಪಾದರೂ 10,000 ಕಂಪನಗಳಷ್ಟು ಜಾಗ ಸರಿದಂತಾಗುತ್ತದೆ. ದೂರದ ಕ್ಷೀಣ ದನಿ ಅವನಿಗೆ ಸಿಗುವುದೇ ಇಲ್ಲ. ಉಳಿದವರಿಗೆ ಅಳತೆಯೇ ಆನಂದ. ಇನ್ನೊಂದು ಸೊನ್ನೆಯಷ್ಟು ಸೂಕ್ಷ್ಮಕ್ಕೆ ಹೋಗಲು ಸಾಧ್ಯವೇ ಎಂಬ ಕುತೂಹಲವೇ ಅವರಿಗೆ ಸಾಕು.

ಈ ಮಾರ್ಗದಲ್ಲಿ ಕಾಲಿಟ್ಟ ಪ್ರತಿಯೊಬ್ಬನೂ ಮೊದಲು ಕಲಿಯುವ ಪಾಠವೆಂದರೆ, ಒಂದೇ ಗಡಿಯಾರದಿಂದ ಏನೂ ತಿಳಿಯದು ಎಂಬುದು. ಒಂದೇ ಇದ್ದಾಗ ಅದು ಹೇಳಿದ್ದೇ ಸತ್ಯ. ಎರಡಿದ್ದರೆ ಅವುಗಳ ನಡುವೆ ಅಂತರವಿದೆಯೆಂದು ತಿಳಿಯುತ್ತದೆ, ಆದರೆ ತಪ್ಪಿದ್ದು ಯಾವುದೆಂದು ತಿಳಿಯದು. ಮೂರಿದ್ದಾಗ ಮಾತ್ರ ದಾರಿಬಿಟ್ಟದ್ದನ್ನು ಗುರುತಿಸಲು ಸಾಧ್ಯ. ಅಳತೆಯೆಂದರೆ ಹೋಲಿಕೆ ಎಂಬ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು.

ಎರಡನೆಯ ಪಾಠ ಇನ್ನೂ ಮಹತ್ತ್ವದ್ದು. ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿ ನೋಡಿರಿ. ಒಂದು ಗಡಿಯಾರ ಪ್ರತಿದಿನವೂ ಸರಿಯಾಗಿ ಎರಡು ನಿಮಿಷ ಮುಂದೆ ಓಡುತ್ತದೆ. ಇನ್ನೊಂದು ಒಂದು ದಿನ ಒಂದು ನಿಮಿಷ ಮುಂದೆ, ಮತ್ತೊಂದು ದಿನ ಒಂದು ನಿಮಿಷ ಹಿಂದೆ, ಯಾವಾಗ ಹೇಗೆಂದು ಹೇಳಲಾಗದು. ಸರಾಸರಿ ಮಾತ್ರ ಸೊನ್ನೆ. ಇವೆರಡರಲ್ಲಿ ಉತ್ತಮವಾದದ್ದು ಯಾವುದು? ಬಹುತೇಕ ಮಕ್ಕಳು ಎರಡನೆಯದನ್ನು ಆರಿಸುತ್ತಾರೆ. ಹವ್ಯಾಸಿಯು ಮೊದಲನೆಯದನ್ನು ಆರಿಸುತ್ತಾನೆ. ಮೊದಲನೆಯದರ ತಪ್ಪು ಗೊತ್ತಿದೆ, ಆದ್ದರಿಂದ ಅದನ್ನು ಲೆಕ್ಕದಲ್ಲಿ ಕಳೆಯಬಹುದು. ಎರಡನೆಯದರ ತಪ್ಪನ್ನು ಕಳೆಯುವ ಉಪಾಯವೇ ಇಲ್ಲ. ಮೊದಲನೆಯದಕ್ಕೆ ಸ್ಥಿರತೆಯಿದೆ, ನಿಖರತೆಯಿಲ್ಲ. ಸ್ಥಿರತೆಯಿದ್ದರೆ ನಿಖರತೆಯನ್ನು ಆಮೇಲೆ ತಂದುಕೊಳ್ಳಬಹುದು. ಗುಜರಿಯಿಂದ ಬಂದ ರುಬಿಡಿಯಂ ಮಾನಕವೂ ಹೀಗೆಯೇ. ಅದರ ಆವೃತ್ತಿ ವರ್ಷಗಳಲ್ಲಿ ಮೆಲ್ಲಗೆ ಸರಿದಿರುತ್ತದೆ. ಆದರೆ ಒಮ್ಮೆ ಸರಿಪಡಿಸಿದರೆ ಅದು ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟೇ ತಪ್ಪುವಂತೆ ನಡೆಯಬಲ್ಲದು.

ಸರಿಪಡಿಸಲು ಅವರು ಉಪಗ್ರಹಗಳ ಸಂಕೇತವನ್ನು ಬಳಸುತ್ತಾರೆ. ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅವುಗಳಿಂದ ನೆಲದ ಗ್ರಾಹಕಕ್ಕೆ ದೊರೆಯುವ ಪ್ರತಿ ಸೆಕೆಂಡಿನ ಬಡಿತ ಸ್ವಲ್ಪ ಹಿಂದೆಮುಂದೆ ನಡುಗುತ್ತದೆ. ಆದರೆ ತಿಂಗಳುಗಳು ಕಳೆದರೂ ದಾರಿ ತಪ್ಪುವುದಿಲ್ಲ. ಒಳ್ಳೆಯ ಕ್ವಾರ್ಟ್ಜ್ ಹರಳಿನ ಗುಣ ಇದಕ್ಕೆ ವಿರುದ್ಧ. ಕ್ಷಣದಿಂದ ಕ್ಷಣಕ್ಕೆ ಬಹಳ ಸಮ, ದಿನ ಕಳೆದಂತೆ ಮಾತ್ರ ಮೆಲ್ಲಗೆ ಸರಿಯುತ್ತದೆ. ಆದ್ದರಿಂದ ಅಲ್ಪಕಾಲಕ್ಕೆ ಹರಳನ್ನೂ ದೀರ್ಘಕಾಲಕ್ಕೆ ಉಪಗ್ರಹವನ್ನೂ ನಂಬುವಂತೆ ಮಂಡಲವನ್ನು ಕಟ್ಟುತ್ತಾರೆ. ಪ್ರತಿ ಬಡಿತಕ್ಕೂ ಹರಳನ್ನು ತಿದ್ದಹೊರಟರೆ ಉಪಗ್ರಹದ ನಡುಕವೆಲ್ಲ ಹರಳಿಗೂ ಅಂಟಿಕೊಳ್ಳುತ್ತದೆ. ಸಾಕಷ್ಟು ಹೊತ್ತು ಗಮನಿಸಿ, ಸರಾಸರಿ ನೋಡಿ, ಆಮೇಲೆ ಸ್ವಲ್ಪವೇ ತಿದ್ದಬೇಕು.

ಹವ್ಯಾಸಿಗಳ ಈ ಪರಂಪರೆ ಹೊಸದೇನಲ್ಲ. ಇಂಗ್ಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಶಾರ್ಟ್ ವೃತ್ತಿಯಿಂದ ರೈಲ್ವೆ ಎಂಜಿನಿಯರ್. 1906ರಲ್ಲಿ ಸಾಲ್ಸ್‌ಬರಿಯಲ್ಲಿ ಅತಿವೇಗದ ರೈಲು ಹಳಿ ತಪ್ಪಿದ ನಂತರ ಅದರ ವಿಚಾರಣೆಯ ಕೆಲಸ ಅವನ ಪಾಲಿಗೆ ಬಂತು. ವೇಗವನ್ನು ಅಳೆಯಲು ಕಾಲವನ್ನು ಅಳೆಯಬೇಕು. ಅಲ್ಲಿಂದ ಅವನಿಗೆ ಗಡಿಯಾರದ ಗೀಳು ಹತ್ತಿತು. ಅನೇಕ ವರ್ಷಗಳ ಪ್ರಯತ್ನದ ಫಲವಾಗಿ ಅವನ ಜೋಡಿ ಲೋಲಕದ ಗಡಿಯಾರ 1921ರಲ್ಲಿ ಎಡಿನ್‌ಬರೋ ವೀಕ್ಷಣಾಲಯದಲ್ಲಿ ಸ್ಥಾಪನೆಯಾಯಿತು. ನಿರ್ವಾತದಲ್ಲಿ ಒಂದು ಲೋಲಕ ಸ್ವತಂತ್ರವಾಗಿ ತೂಗುತ್ತಿದ್ದರೆ, ಎಣಿಸುವ ದುಡಿಮೆಯೆಲ್ಲ ಇನ್ನೊಂದರದು. ವರ್ಷಕ್ಕೆ ಸುಮಾರು ಒಂದು ಸೆಕೆಂಡು ಮಾತ್ರ ತಪ್ಪುತ್ತಿದ್ದ ಆ ಗಡಿಯಾರವನ್ನು ಜಗತ್ತಿನ ವೀಕ್ಷಣಾಲಯಗಳು ತಮ್ಮದಾಗಿಸಿಕೊಂಡವು. 1984ರಲ್ಲಿ ಅಂತಹದೊಂದನ್ನು ಪರಮಾಣು ಗಡಿಯಾರದೊಂದಿಗೆ ಹೋಲಿಸಿ ನೋಡಿದಾಗ, ಸೂರ್ಯ ಚಂದ್ರರ ಸೆಳೆತದಿಂದ ಗುರುತ್ವದಲ್ಲಾಗುವ ಅತಿ ಸೂಕ್ಷ್ಮ ಬದಲಾವಣೆಯೂ ಅದರ ನಡೆಯಲ್ಲಿ ದಾಖಲಾಗಿದ್ದುದು ಕಂಡುಬಂತು.

ಈಗ ನಮ್ಮ ಕಾಲದ ಒಂದು ಪ್ರಸಂಗ. ಗುರುತ್ವದ ಸೆಳೆತ ಕಡಿಮೆಯಿರುವ ಎತ್ತರದಲ್ಲಿ ಕಾಲ ತುಸು ಬೇಗ ನಡೆಯುತ್ತದೆಯೆಂದು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. 1971ರಲ್ಲಿ ಹ್ಯಾಫೆಲ್ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ನಾಲ್ಕು ಸೀಸಿಯಂ ಗಡಿಯಾರಗಳನ್ನು ವಿಮಾನದಲ್ಲಿ ಭೂಮಿಯ ಸುತ್ತ ಒಯ್ದು, ವೇಗ ಮತ್ತು ಎತ್ತರಗಳೆರಡರ ಪರಿಣಾಮವನ್ನೂ ಪರೀಕ್ಷಿಸಿದ್ದರು. ಎತ್ತರದ ಪರಿಣಾಮವನ್ನು ಒಬ್ಬ ಹವ್ಯಾಸಿ ತನ್ನ ಸಂಸಾರದ ಕಾರಿನಲ್ಲಿಯೇ ಅಳೆಯಬಲ್ಲನೇ? ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಾಮ್ ವಾನ್ ಬಾಕ್ ಎಂಬವರು 2005ರಲ್ಲಿ ಇದನ್ನು ಮಾಡಿದರು. ಐನ್‌ಸ್ಟೈನರ 1905ರ ಪ್ರಬಂಧಗಳಿಗೆ ಅದು ನೂರನೆಯ ವರ್ಷ, ಎಸ್ಸೆನ್ನರ ಗಡಿಯಾರಕ್ಕೆ ಐವತ್ತನೆಯದು. ಮೂರು ಸೀಸಿಯಂ ಗಡಿಯಾರಗಳನ್ನೂ, ಬ್ಯಾಟರಿಗಳನ್ನೂ, ತಮ್ಮ ಮೂವರು ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಅವರು ರೇನಿಯರ್ ಪರ್ವತದ ಮೇಲೆ, ತಮ್ಮ ಮನೆಗಿಂತ ಸುಮಾರು 1,340 ಮೀಟರ್ ಎತ್ತರದ ಜಾಗದಲ್ಲಿ, ಎರಡು ದಿನಗಳಷ್ಟು ಕಾಲ ತಂಗಿದರು. ಮರಳಿ ಬಂದು ಮನೆಯಲ್ಲಿದ್ದ ಗಡಿಯಾರಗಳೊಂದಿಗೆ ಹೋಲಿಸಿದಾಗ ಬೆಟ್ಟ ಹತ್ತಿದವು ಸುಮಾರು 22 ನ್ಯಾನೊಸೆಕೆಂಡು ಮುಂದಿದ್ದವು. ಸಿದ್ಧಾಂತದ ಲೆಕ್ಕವೂ ಅಷ್ಟನ್ನೇ ಹೇಳುತ್ತದೆ. ಈ ಪ್ರವಾಸದ ಕುರಿತು ಅವರು 2007ರಲ್ಲಿ ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ಬರೆದಿದ್ದಾರೆ.

ನ್ಯಾನೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ಮಕ್ಕಳ ಕೈಯಲ್ಲಿರುವ 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ತೋರಿಸಿ, ಬೆಳಕು ಇಷ್ಟು ದೂರ ಸಾಗಲು ಬೇಕಾದ ಕಾಲವೇ ಒಂದು ನ್ಯಾನೊಸೆಕೆಂಡು ಎಂದು ಹೇಳಿರಿ. ಆ ಮಕ್ಕಳು ಬೆಟ್ಟದ ಮೇಲೆ ಗಳಿಸಿದ ಹೆಚ್ಚಿನ ಕಾಲದಲ್ಲಿ ಬೆಳಕು ನಮ್ಮ ಒಂದು ತರಗತಿಕೋಣೆಯ ಉದ್ದವನ್ನು ದಾಟುತ್ತದೆ, ಅಷ್ಟೇ.

ಈ ಪ್ರಯೋಗದಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಎತ್ತರದಿಂದಾಗುವ ಈ ವ್ಯತ್ಯಾಸವು ಅಂತಹ ಗಡಿಯಾರಗಳಿಗೆ ತಯಾರಕರು ಖಾತರಿ ನೀಡುವ ನಿಖರತೆಗಿಂತಲೂ ಚಿಕ್ಕದು. ಅಂದರೆ ಒಂದೊಂದು ಗಡಿಯಾರದ ಸ್ವಂತ ತಪ್ಪು ಹುಡುಕುತ್ತಿರುವ ಪರಿಣಾಮಕ್ಕಿಂತ ದೊಡ್ಡದಿರಬಹುದು. ಆದರೂ ಪರಿಣಾಮ ಕಂಡಿತು. ಪ್ರವಾಸಕ್ಕೆ ಮೊದಲು ಮತ್ತು ಆನಂತರ ಪ್ರತಿಯೊಂದು ಗಡಿಯಾರದ ನಡೆಯನ್ನು ಅಳೆದು ಬರೆದಿಟ್ಟದ್ದರಿಂದ ಅದರ ಸ್ವಂತ ತಪ್ಪನ್ನು ಕಳೆಯಲು ಸಾಧ್ಯವಾಯಿತು. ದೋಷವಿಲ್ಲದ ಉಪಕರಣ ಯಾರ ಬಳಿಯೂ ಇಲ್ಲ. ತನ್ನ ಉಪಕರಣದ ದೋಷ ಎಷ್ಟೆಂದು ಬಲ್ಲವನು ಮಾತ್ರ ಹೊಸದನ್ನು ಕಾಣಬಲ್ಲ.

ಇದು ದೂರದ ವಿಷಯವೆಂದು ಮಕ್ಕಳಿಗೆ ಅನ್ನಿಸದಿರಲಿ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಎತ್ತರ ಮತ್ತು ವೇಗಗಳ ಒಟ್ಟು ಪರಿಣಾಮದಿಂದ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಇದನ್ನು ಕಳೆಯದಿದ್ದರೆ ದೂರದ ಲೆಕ್ಕದಲ್ಲಿ ದಿನಕ್ಕೆ 10 ಕಿಲೋಮೀಟರಿಗೂ ಹೆಚ್ಚಿನ ತಪ್ಪು ಸೇರುತ್ತಿತ್ತು. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಕಾಲವನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರ ನೋಡಿಕೊಳ್ಳುತ್ತದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಅಹಮದಾಬಾದಿನಲ್ಲಿ ತಯಾರಾದ ಸ್ವದೇಶಿ ರುಬಿಡಿಯಂ ಗಡಿಯಾರವಿದೆ.

ಇನ್ನು ನಮ್ಮ ಶಾಲೆಗಳಿಗೆ ಬರೋಣ. ಪ್ರಯೋಗಾಲಯವಿಲ್ಲದ, ಇಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿಯೂ ಮಾಡಬಹುದಾದ ಎರಡು ಚಟುವಟಿಕೆಗಳನ್ನು ಸೂಚಿಸುತ್ತೇನೆ.

ಮೊದಲನೆಯದು ಗೋಡೆ ಗಡಿಯಾರದ ದಿನಚರಿ. ಪ್ರಾರ್ಥನೆಯ ನಂತರ ಪ್ರತಿದಿನ ಒಬ್ಬ ವಿದ್ಯಾರ್ಥಿ, ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಹನ್ನೆರಡನ್ನು ದಾಟುವ ಕ್ಷಣದಲ್ಲಿ ಮೊಬೈಲಿನ ಸಮಯವೆಷ್ಟೆಂದು ನೋಡಿ ಅಂತರವನ್ನು ವಹಿಯಲ್ಲಿ ಬರೆಯಲಿ. ಒಂದು ತಿಂಗಳವರೆಗೆ ಗಡಿಯಾರವನ್ನು ಯಾರೂ ತಿದ್ದಬಾರದು. ತಿಂಗಳ ಕೊನೆಗೆ ದಿನಾಂಕಗಳನ್ನು ಅಡ್ಡಲಾಗಿಯೂ ಅಂತರವನ್ನು ಲಂಬವಾಗಿಯೂ ಗುರುತಿಸಿ ಆಲೇಖ ಬಿಡಿಸಲಿ. ಹತ್ತು ದಿನಗಳಲ್ಲಿ ಅಂತರ 5 ಸೆಕೆಂಡು ಬೆಳೆದಿದ್ದರೆ ಗಡಿಯಾರದ ನಡೆ ದಿನಕ್ಕೆ ಅರ್ಧ ಸೆಕೆಂಡು. ಚುಕ್ಕೆಗಳು ಒಂದು ಸರಳರೇಖೆಯ ಬಳಿಯಲ್ಲಿ ಕುಳಿತರೆ ಅದು ಸ್ಥಿರವಾದ ಗಡಿಯಾರ. ಇದೇ ಕೆಲಸವನ್ನು ಜನವರಿಯಲ್ಲೊಮ್ಮೆ, ಬೇಸಿಗೆಯ ರಜೆಗೆ ಮೊದಲು ಏಪ್ರಿಲಿನಲ್ಲೊಮ್ಮೆ ಮಾಡಿಸಿರಿ. ಸಾಧಾರಣ ಗಡಿಯಾರದ ಹರಳು 25 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅತ್ಯಂತ ವೇಗವಾಗಿ ಕಂಪಿಸುತ್ತದೆ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ಇಡೀ ದಿನ 42 ಡಿಗ್ರಿಯಲ್ಲಿದ್ದರೆ ಅದು ಸುಮಾರು 0.8 ಸೆಕೆಂಡು ಹಿಂದೆ ಬೀಳುತ್ತದೆ. ಸೊಲ್ಲಾಪುರದ ಬಿಸಿಲು ಗೋಡೆ ಗಡಿಯಾರದ ನಡೆಯಲ್ಲಿ ಕಾಣಿಸಬಲ್ಲದು.

ಎರಡನೆಯದು ಶಂಕುವಿನ ಪ್ರಯೋಗ. ಭಾರತದ ಪ್ರಮಾಣಕಾಲ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ವರ್ಷದ ಸರಾಸರಿಯಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಅಕ್ಕಲಕೋಟದಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೆ, ಜತ್ತದಲ್ಲಿ ಸುಮಾರು 12 ಗಂಟೆ 29 ನಿಮಿಷಕ್ಕೆ. ಭೂಮಿಯ ಅಕ್ಷದ ಓಲುವಿಕೆ ಮತ್ತು ಕಕ್ಷೆಯ ಆಕಾರದ ಕಾರಣದಿಂದ ಇದು ಋತುವಿಗೆ ತಕ್ಕಂತೆ ಕಾಲು ಗಂಟೆಯವರೆಗೆ ಹಿಂದುಮುಂದಾಗುತ್ತದೆ. ಆದರೆ ಒಂದೇ ದಿನ ಎರಡೂ ಊರುಗಳಲ್ಲಿ ಅಳೆದರೆ ಆ ವ್ಯತ್ಯಾಸ ಎರಡರಲ್ಲಿಯೂ ಸಮವಾಗಿರುವುದರಿಂದ ಕಳೆದುಹೋಗುತ್ತದೆ. ಸಮತಟ್ಟಾದ ಅಂಗಳದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದನ್ನು ಕೇಂದ್ರವಾಗಿಟ್ಟು ನಾಲ್ಕೈದು ವೃತ್ತಗಳನ್ನು ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ಒಂದು ವೃತ್ತವನ್ನು ಮುಟ್ಟಿದ ಸಮಯವನ್ನೂ, ಮಧ್ಯಾಹ್ನದ ನಂತರ ಅದೇ ವೃತ್ತವನ್ನು ಮತ್ತೆ ಮುಟ್ಟಿದ ಸಮಯವನ್ನೂ ಬರೆದು, ಎರಡರ ನಡುವಣ ಕ್ಷಣವನ್ನು ಕಂಡುಹಿಡಿಯಿರಿ. ಪ್ರತಿ ವೃತ್ತವೂ ಒಂದು ಉತ್ತರವನ್ನು ಕೊಡುತ್ತದೆ. ಅವುಗಳ ಸರಾಸರಿಯೇ ಆ ಊರಿನ ನಡುಹಗಲು. ನಮ್ಮ ಪ್ರಾಚೀನ ಜ್ಯೋತಿರ್ಗಣಿತಜ್ಞರು ದಿಕ್ಕುಗಳನ್ನು ಗೊತ್ತುಪಡಿಸಲು ಬಳಸಿದ್ದೂ ಇದೇ ಸಮಾನ ನೆರಳಿನ ಉಪಾಯ. ಸಂಜೆ ಎರಡೂ ಶಾಲೆಯ ಮಕ್ಕಳು ದೂರವಾಣಿಯಲ್ಲಿ ಮಾತಾಡಿ ಅಂತರವನ್ನು ತಿಳಿಯಲಿ. ಸುಮಾರು 4 ನಿಮಿಷ ಬರಬೇಕು. ಈ ಅಕ್ಷಾಂಶದಲ್ಲಿ ಒಂದು ನಿಮಿಷವೆಂದರೆ ಪೂರ್ವಪಶ್ಚಿಮವಾಗಿ ಸುಮಾರು 26 ಕಿಲೋಮೀಟರ್. ತಮ್ಮೂರಿಗೂ ಇನ್ನೊಂದು ಕನ್ನಡ ಶಾಲೆಗೂ ನಡುವಿನ ದೂರವನ್ನು ಮಕ್ಕಳು ಒಂದು ಕೋಲು ಮತ್ತು ಗಡಿಯಾರದಿಂದ ಅಳೆದಂತಾಗುತ್ತದೆ.

ಒಂದು ಶಾಲೆಗೆ 3 ನಿಮಿಷವೂ ಇನ್ನೊಂದಕ್ಕೆ 5 ನಿಮಿಷವೂ ಉತ್ತರ ಬಂದರೆ ಏನು ಮಾಡಬೇಕು? ನನ್ನ ಮಾತಿನ ತಿರುಳು ಇಲ್ಲಿದೆ. ಬಂದದ್ದನ್ನು ಬಂದಂತೆಯೇ ಬರೆಯಬೇಕು. ನಮ್ಮ ಪ್ರಯೋಗವಹಿಗಳಲ್ಲಿ ಲೋಲಕದ ಪ್ರಯೋಗದ ಉತ್ತರ ಎಲ್ಲ ಮಕ್ಕಳಿಗೂ ಒಂದೇ ಆಗಿರುವುದನ್ನು ತಾವೂ ಕಂಡಿದ್ದೀರಿ. ಮಾರ್ಗದರ್ಶಿಯಲ್ಲಿರುವ ಸಂಖ್ಯೆಗೆ ತಕ್ಕಂತೆ ಅಳತೆಗಳನ್ನು ಹಿಂದಿನಿಂದ ಹೊಂದಿಸಲಾಗಿರುತ್ತದೆ, ಅದಕ್ಕೆ ಪೂರ್ಣ ಅಂಕಗಳೂ ದೊರೆಯುತ್ತವೆ. ನಿಜವಾಗಿ ಅಳೆದು ಬೇರೆ ಸಂಖ್ಯೆ ತಂದ ಮಗುವಿಗೆ ಅಂಕ ಕಡಿತವಾಗುತ್ತದೆ. ಹೀಗೆ ಅಳತೆಯ ಪಾಠದಲ್ಲಿಯೇ ನಾವು ಸುಳ್ಳು ಬರೆಯುವುದನ್ನು ಕಲಿಸುತ್ತೇವೆ. ಯಾವ ಪರೀಕ್ಷೆಯೂ ಅಂಕವೂ ಇಲ್ಲದ ಹವ್ಯಾಸಿ ತನ್ನ ಗಡಿಯಾರದ ತಪ್ಪನ್ನು ವರ್ಷಗಟ್ಟಲೆ ಪ್ರಾಮಾಣಿಕವಾಗಿ ಬರೆದಿಡುತ್ತಾನೆ. ಏಕೆಂದರೆ ಅವನ ಆಸ್ತಿಯೇ ಆ ದಾಖಲೆ. ಆದ್ದರಿಂದ ಈ ವರ್ಷದಿಂದ ಮೂರು ನಿಯಮಗಳನ್ನು ಪಾಲಿಸೋಣ. ಅಳತೆಯನ್ನು ಪೆನ್ನಿನಿಂದಲೇ ಬರೆಯುವುದು. ತಪ್ಪೆನಿಸಿದ್ದನ್ನು ಅಳಿಸದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯುವುದು. ಉತ್ತರವು ಪುಸ್ತಕದ್ದಕ್ಕಿಂತ ಎಷ್ಟು ದೂರವಿದೆ, ಏಕೆ ಎಂದು ವಿವರಿಸಿದವರಿಗೆ ಅಂಕ ಕೊಡುವುದು.

ಭಾಷಾ ಶಿಕ್ಷಕರಿಗೂ ಇಲ್ಲೊಂದು ಮಾತಿದೆ. ಮನೆಯಲ್ಲಿ ಮರಾಠಿಯಾಡುವ ಮಗು ‘ಬೆಳೆ’ಯನ್ನು ‘ಬೇಳೆ’ ಎಂದೂ, ‘ಕೊಡು’ವನ್ನು ‘ಕೋಡು’ ಎಂದೂ ಬರೆಯುತ್ತದೆ. ಪ್ರತಿಯೊಂದಕ್ಕೂ ಕೆಂಪು ಗುರುತು ಹಾಕಿದರೆ ಪುಟವೆಲ್ಲ ಕೆಂಪಾಗುತ್ತದೆ, ಮಗು ಬರೆಯುವುದನ್ನೇ ನಿಲ್ಲಿಸುತ್ತದೆ. ಎರಡು ವಾರ ಏನನ್ನೂ ತಿದ್ದದೆ ಆ ತಪ್ಪುಗಳನ್ನು ಪಟ್ಟಿ ಮಾಡಿ ನೋಡಿರಿ. ಅವು ಹತ್ತಾರು ತಪ್ಪುಗಳಲ್ಲ, ಒಂದೇ ತಪ್ಪು ಎಂಬುದು ಕಾಣುತ್ತದೆ. ಮರಾಠಿಯಲ್ಲಿ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವಿಲ್ಲ. ಮಗುವಿನ ಬರಹ ನಮ್ಮ ನಿಖರತೆಗೆ ಇನ್ನೂ ಬಂದಿಲ್ಲ, ಆದರೆ ಅದಕ್ಕೆ ಒಂದು ಸ್ಥಿರವಾದ ನಿಯಮವಿದೆ. ಹ್ರಸ್ವ ದೀರ್ಘಗಳ ಜೋಡಿಪದಗಳನ್ನು ಕಿವಿಯಿಂದ ಕೇಳಿಸಿ ಆ ಒಂದನ್ನು ತಿದ್ದಿದರೆ ಹತ್ತಾರು ತಾವಾಗಿಯೇ ಸರಿಹೋಗುತ್ತವೆ. ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆಯಲ್ಲಿ ತಪ್ಪುವ ಮಗುವಿಗೆ ಬೇರೆಯದೇ ನೆರವು ಬೇಕು. ಪಟ್ಟಿ ಮಾಡಿದ ಶಿಕ್ಷಕರಿಗೆ ಮಾತ್ರ ಈ ಇಬ್ಬರ ವ್ಯತ್ಯಾಸ ತಿಳಿಯುತ್ತದೆ.

ಈ ಗಂಟೆಯಲ್ಲಿ ಪರಮಾಣುವಿನಿಂದ ಉಪಗ್ರಹದವರೆಗಿನ ಸಂಗತಿಗಳನ್ನು ನಾವು ಕನ್ನಡದಲ್ಲಿಯೇ ಮಾತಾಡಿದ್ದೇವೆ. ಮಕ್ಕಳೊಂದಿಗೂ ಹಾಗೆಯೇ ಮಾತಾಡಬಹುದು. ತಮ್ಮ ಶಾಲೆಗೆ ಹಿಂದಿರುಗಿದ ಮರುದಿನವೇ ಗೋಡೆ ಗಡಿಯಾರದ ಕೆಳಗೆ ಒಂದು ವಹಿಯನ್ನು ತೂಗುಹಾಕಿರಿ. ಶಂಕುವಿನ ಪ್ರಯೋಗಕ್ಕೆ ಡಿಸೆಂಬರ್ ತಿಂಗಳ ನಿರ್ಮಲ ಆಕಾಶದ ಒಂದು ದಿನವನ್ನು ಗೊತ್ತುಮಾಡಿಕೊಂಡು, ಜತ್ತದ ಶಾಲೆಗಳೂ ಅಕ್ಕಲಕೋಟದ ಶಾಲೆಗಳೂ ಈ ಶಿಬಿರ ಮುಗಿಯುವ ಮೊದಲೇ ಪರಸ್ಪರ ಜೋಡಿಯಾಗಿ ಹೆಸರು ಬರೆಸಬೇಕೆಂದು ಕೋರುತ್ತೇನೆ. ಮುಂದಿನ ಶಿಬಿರಕ್ಕೆ ಬರುವಾಗ ಆ ವಹಿಗಳನ್ನು ತನ್ನಿರಿ. ಅವುಗಳಲ್ಲಿ ಮಕ್ಕಳು ಬರೆದ ತಪ್ಪುಗಳನ್ನು ನಾವೆಲ್ಲರೂ ಕುಳಿತು ಓದೋಣ.